ಹಿರಿಯೂರಿನ ಅಪಘಾತದ ನಂತರ ನಾನು ಕೂಡಿಸಿಟ್ಟ ದಾಖಲೆಗಳು

ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಹಿರಿಯೂರಿನ ಸಮೀಪ, ನಾವಿದ್ದ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿದಾಗ ನನ್ನ ಬಲ ಮಣಿಕಟ್ಟಿನ ಮೂಳೆ ಮುರಿಯಿತು. ನಾನು ತುಮಕೂರಿನಲ್ಲಿ ಹೊಲಿಗೆ ಅಂಗಡಿ ನಡೆಸುವವಳು. 108ಕ್ಕೆ ಕರೆ ಮಾಡುವಂತೆಯೂ, ವಾಹನಗಳನ್ನು ಸರಿಸುವ ಮೊದಲೇ ಗುದ್ದಿದ ಕಾರಿನ ನಂಬರ್ ಪ್ಲೇಟು ಕಾಣುವ ಹಾಗೆ ಫೋಟೊ ತೆಗೆಯುವಂತೆಯೂ ಜೊತೆಗಿದ್ದ ತಮ್ಮನಿಗೆ ಹೇಳಿದೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವೈದ್ಯರು "ಹೇಗಾಯಿತಮ್ಮಾ?" ಎಂದು ಕೇಳಿ ಬರೆದುಕೊಳ್ಳುವ ಒಂದೆರಡು ಸಾಲಿಗೆ ಮುಂದೆ ಪರಿಹಾರ ಕೇಳುವಾಗ ಎಷ್ಟು ತೂಕ ಬರುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. 'ಬಿದ್ದು ಪೆಟ್ಟಾಗಿದೆ' ಎಂದು ಅಲ್ಲಿ ದಾಖಲಾದರೆ, ಈ ಗಾಯಕ್ಕೂ ಆ ಅಪಘಾತಕ್ಕೂ ಸಂಬಂಧವೇ ಇಲ್ಲವೆಂದು ವಾದಿಸಲು ಗುದ್ದಿದ ವಾಹನದ ವಿಮಾ ಕಂಪನಿಯ ವಕೀಲರಿಗೆ ಅದೊಂದೇ ಸಾಕು. ಆದ್ದರಿಂದ ಪ್ರಕರಣವನ್ನು ಎಂ.ಎಲ್.ಸಿ. (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ಎಂದು ನೋಂದಾಯಿಸಲು ಕೇಳಿಕೊಂಡು, ಸ್ಥಳ, ಸಮಯ, ಗುದ್ದಿದ ವಾಹನ ಇವಿಷ್ಟನ್ನೂ ಬಿಡಿಸಿ ಹೇಳಿದೆ. ತಮ್ಮ ಅದೇ ದಿನ ಠಾಣೆಯಲ್ಲಿ ದೂರು ಕೊಟ್ಟು ಎಫ್.ಐ.ಆರ್. ಪ್ರತಿ ಪಡೆದ, ದೂರುದಾರರಿಗೆ ಅದನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಸ್ಥಳ ಮಹಜರು, ವಾಹನ ತಪಾಸಣೆಯ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ ಇವು ಆಮೇಲೆ ಒಂದೊಂದಾಗಿ ಸೇರಿದವು.

ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಅರ್ಜಿದಾರರು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಪರಿಹಾರ ಕೇಳಬಹುದಾದ್ದರಿಂದ, ಚಿತ್ರದುರ್ಗಕ್ಕೆ ಅಲೆಯದೆ ತುಮಕೂರಿನಲ್ಲೇ ಅರ್ಜಿ ಹಾಕಿದೆ. ಅಪಘಾತ ನಡೆದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗಾಯ ಪೂರ್ತಿ ಮಾಗಲಿ ಎಂದು ಕಾಯುವುದು ಸರಿಯಲ್ಲ.

ನನ್ನಂಥವರಿಗೆ ಎಲ್ಲಕ್ಕಿಂತ ಕಷ್ಟವೆಂದರೆ ಸಂಪಾದನೆಯನ್ನು ತೋರಿಸುವುದು. ಸಂಬಳದ ಚೀಟಿ ಇಲ್ಲದವರ ಆದಾಯವನ್ನು ನ್ಯಾಯಮಂಡಳಿ ಅಂದಾಜಿನ ಮೇಲೆ ನಿಗದಿ ಮಾಡುತ್ತದೆ, ಅದು ನಿಜವಾದ ಗಳಿಕೆಗಿಂತ ಕಡಿಮೆಯಾಗುವುದೇ ಹೆಚ್ಚು. ಹಾಗಾಗಿ ಗಿರಾಕಿಗಳ ಅಳತೆ ಪುಸ್ತಕ, ಮುಂಗಡ ಬರೆದುಕೊಟ್ಟ ರಸೀತಿ, ಬ್ಯಾಂಕಿನ ಪಾಸ್‌ಬುಕ್ ಎಲ್ಲವನ್ನೂ ಹಾಜರುಪಡಿಸಿದೆ. ಅಂಗವೈಕಲ್ಯದ ವಿಷಯದಲ್ಲೂ ವೈದ್ಯರು ಬರೆದ ಶೇಕಡಾವಾರು ಅಂಕಿಯೊಂದೇ ಸಾಲದು. ಆ ವೈಕಲ್ಯದಿಂದ ಗಾಯಾಳುವಿನ ದುಡಿಮೆಗೆ ಎಷ್ಟು ಧಕ್ಕೆಯಾಗಿದೆ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರ ರಾಜ್‌ಕುಮಾರ್ ಎಂಬ ಗಾಯಾಳುವಿನ ಪ್ರಕರಣದ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಹೆಬ್ಬೆರಳು ಬಾಗದೆ ಕತ್ತರಿಯ ಹಿಡಿ ಕೂಡುವುದಿಲ್ಲ, ದಪ್ಪ ಬಟ್ಟೆಯ ನಾಲ್ಕು ಮಡಿಕೆ ಒಟ್ಟಿಗೆ ಕತ್ತರಿಸಲಾಗುವುದಿಲ್ಲ ಎಂಬುದನ್ನು ನಾನು ಸಾಕ್ಷಿಕಟ್ಟೆಯಲ್ಲಿ ಹೇಳಿದೆ. ಪ್ರಮಾಣಪತ್ರ ಕೊಟ್ಟ ವೈದ್ಯರೂ ಖುದ್ದಾಗಿ ಬಂದು ನುಡಿದರು. ಅವರು ಬರದಿದ್ದರೆ ಆ ಪತ್ರಕ್ಕೆ ಬೆಲೆ ಸಿಗುವುದು ಕಷ್ಟವಿತ್ತು.

ಫಿಸಿಯೋಥೆರಪಿಯ ರಸೀತಿ, ಔಷಧಿಯ ಬಿಲ್ಲು, ಆಸ್ಪತ್ರೆಗೆ ಹೋಗಿಬಂದ ಆಟೋ ಬಾಡಿಗೆಯ ಲೆಕ್ಕ ಇವನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟಿದ್ದರಿಂದ ಪಾಟೀಸವಾಲಿನಲ್ಲಿ ತಡವರಿಸಬೇಕಾಗಲಿಲ್ಲ. ಪರಿಹಾರದ ಒಂದು ಭಾಗವನ್ನು ನ್ಯಾಯಮಂಡಳಿ ಬ್ಯಾಂಕಿನಲ್ಲಿ ಠೇವಣಿ ಇಡಿಸಿದೆ. ಚಿಕಿತ್ಸೆಗೆ ಅಗತ್ಯ ಬಿದ್ದಾಗ ಕಾರಣ ತೋರಿಸಿ ಅದರ ಬಿಡುಗಡೆಗೆ ಅರ್ಜಿ ಹಾಕಲು ಅವಕಾಶವಿದೆ.