ಭೀಮೆಯ ನೀರಿಗೆ ಮೆಂಬ್ರೇನ್ ಖರೀದಿ: ಟೆಂಡರ್ ಬರೆಯುವ ಮುನ್ನ

ಕಲಬುರಗಿಗೆ ಸರಡಗಿಯಿಂದ ಬರುವ ಭೀಮಾ ನದಿಯ ನೀರು ಏಪ್ರಿಲ್‌ನಲ್ಲಿ ಒಂದು ಬಗೆ, ಹೊಳೆ ತುಂಬಿದ ಆಗಸ್ಟ್‌ನಲ್ಲಿ ಇನ್ನೊಂದು ಬಗೆ. ಆದ್ದರಿಂದ ಶುದ್ಧೀಕರಣ ಘಟಕಕ್ಕೆ ಮೆಂಬ್ರೇನ್ (ನೀರು ಸೋಸುವ ಪೊರೆ) ಖರೀದಿಸುವ ಎಂಜಿನಿಯರ್ ಮೊದಲು ತನ್ನ ಪ್ರಯೋಗಾಲಯದ ದಿನವಹಿಯನ್ನು ತೆರೆದು, ಕನಿಷ್ಠ ಮೂರು ಮಳೆಗಾಲಗಳ ರಾಡಿಯ ಗರಿಷ್ಠ ಪ್ರಮಾಣವನ್ನು ಬರೆದಿಟ್ಟುಕೊಳ್ಳಬೇಕು. ವರ್ಷದ ಸರಾಸರಿಯನ್ನು ಟೆಂಡರಿನಲ್ಲಿ ಕೊಟ್ಟರೆ ಸರಾಸರಿ ನೀರಿಗೆ ತಕ್ಕ ಯಂತ್ರವೇ ಬರುತ್ತದೆ.

ಅತಿ ಸೂಕ್ಷ್ಮ ರಂಧ್ರಗಳ ಅಲ್ಟ್ರಾಫಿಲ್ಟ್ರೇಷನ್ ಪೊರೆಯು ಮಣ್ಣಿನ ಕಣ ಹಾಗೂ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಕರಗಿದ ಫ್ಲೋರೈಡ್, ನೈಟ್ರೇಟ್‌ಗಳನ್ನು ತಡೆಯುವುದಿಲ್ಲ. ಕೊಳವೆಬಾವಿಯ ನೀರನ್ನೂ ಬೆರೆಸುವ ಊರಾದರೆ ಈ ವ್ಯತ್ಯಾಸವನ್ನು ಆರಂಭದಲ್ಲೇ ಗಮನಿಸಬೇಕು, ಏಕೆಂದರೆ ಅಲ್ಲಿ ಕರಗಿದ ಲವಣಗಳನ್ನೂ ತಡೆಯುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಬೇಕಾಗಬಹುದು, ಮತ್ತು ಆರ್‌ಒ ಪೊರೆಗೆ ಕ್ಲೋರಿನ್ ತಾಗಿದರೆ ಅದು ಕೆಡುತ್ತದೆ.

ದರಗಳ ಹೋಲಿಕೆಯಲ್ಲಿ ಎಡವುವುದು ಹೆಚ್ಚಾಗಿ ಪೊರೆಯ ವಿಸ್ತೀರ್ಣದ ಲೆಕ್ಕದಲ್ಲಿ. ದಿನಕ್ಕೆ 1 ಕೋಟಿ ಲೀಟರ್ ನೀರು ಬೇಕೆನ್ನೋಣ. ಪ್ರತಿ ಚದರ ಮೀಟರ್ ಪೊರೆಯಿಂದ ಗಂಟೆಗೆ 60 ಲೀಟರ್ ಎಂದು ಹಿಡಿದರೆ ಸುಮಾರು 6,950 ಚದರ ಮೀಟರ್ ಬೇಕು. 90 ಲೀಟರ್ ಎಂದು ಹಿಡಿದ ಸರಬರಾಜುದಾರನಿಗೆ 4,630 ಸಾಕು. ಎರಡನೆಯವನ ದರ ಸಹಜವಾಗಿಯೇ ಕಡಿಮೆ, ಆದರೆ ಆ ಪೊರೆ ಮಳೆಗಾಲದಲ್ಲಿ ಬೇಗ ಕಟ್ಟಿಕೊಂಡು ಮತ್ತೆ ಮತ್ತೆ ರಾಸಾಯನಿಕ ತೊಳೆತ ಕೇಳುತ್ತದೆ. ಹೀಗಾಗಿ ಪ್ರತಿ ಚದರ ಮೀಟರಿನ ಗರಿಷ್ಠ ಹರಿವಿನ ಮಿತಿಯನ್ನು ಟೆಂಡರಿನಲ್ಲೇ ನಿಗದಿಪಡಿಸಿ, ಪೊರೆಗಳ ಒಂದು ಸಾಲು ತೊಳೆತಕ್ಕೆ ನಿಂತಾಗಲೂ ಉಳಿದವು ಆ ಮಿತಿಯೊಳಗೇ ಪೂರ್ಣ ನೀರು ಕೊಡಬೇಕೆಂದು ಷರತ್ತು ಹಾಕುವುದು ಒಳ್ಳೆಯದು. ತಣ್ಣನೆಯ ನೀರು ಪೊರೆಯಲ್ಲಿ ನಿಧಾನವಾಗಿ ಇಳಿಯುವುದರಿಂದ ಈ ಖಾತರಿಯನ್ನು ಡಿಸೆಂಬರ್‌ನ ತಾಪಮಾನಕ್ಕೇ ಕೇಳಬೇಕು.

ಪೊರೆ ಎಲ್ಲೂ ಹರಿದಿಲ್ಲವೆಂದು ನೋಡುವ ಸಮಗ್ರತೆಯ ಪರೀಕ್ಷೆಯನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಪೊರೆಯನ್ನು ತುಂಬಿದ ಕೊಳವೆಯಾದ ಮಾಡ್ಯೂಲಿನೊಳಗೆ ಶಾವಿಗೆಯಂಥ ಸಾವಿರಾರು ಟೊಳ್ಳು ಎಳೆಗಳಿರುತ್ತವೆ. ಗಾಳಿಯ ಒತ್ತಡ ಕೊಟ್ಟಾಗ ಹರಿದ ಎಳೆಯ ಬಾಯಿಂದ ಸಣ್ಣ ಗುಳ್ಳೆಗಳ ಸರವೇಳುತ್ತದೆ. ಅದೊಂದನ್ನೇ ಪಿನ್ ಬಡಿದು ಮುಚ್ಚಿದರೆ ಮಾಡ್ಯೂಲ್ ಉಳಿಯುತ್ತದೆ. ಈ ಕೆಲಸವನ್ನು ಘಟಕದ ನಿರ್ವಾಹಕರಿಗೆ ಕಲಿಸಿಕೊಡುವುದು ಸರಬರಾಜುದಾರನ ಹೊಣೆಯೆಂದು ಬರೆಯಿರಿ.

ಖರೀದಿಯು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ ನಡೆಯುವುದರಿಂದ ಒಂದೇ ಕಂಪನಿಗೆ ಹೊಂದುವಂತೆ ವಿವರಣೆ ಬರೆಯಬಾರದು. ಬೇರೆ ತಯಾರಕರ ಮಾಡ್ಯೂಲ್‌ಗಳೂ ಕೂರುವ ಚೌಕಟ್ಟನ್ನು ಕೇಳಿದರೆ ಮುಂದೆ ಪೊರೆ ಬದಲಿಸುವಾಗ ಒಬ್ಬನ ದರಕ್ಕೇ ಸಿಕ್ಕಿಬೀಳುವ ಪ್ರಸಂಗ ಬರುವುದಿಲ್ಲ. ದರ ನಮೂದಿಸುವ ಆರ್ಥಿಕ ಲಕೋಟೆಯಲ್ಲಿ ಯಂತ್ರದ ಬೆಲೆಯ ಜೊತೆ ಹತ್ತು ವರ್ಷಗಳ ವಿದ್ಯುತ್, ರಾಸಾಯನಿಕ ಮತ್ತು ಪೊರೆ ಬದಲಾವಣೆಯ ವೆಚ್ಚವನ್ನೂ ಕೂಡಿಸಿ ಹೋಲಿಸುವುದಾಗಿ ಮೊದಲೇ ತಿಳಿಸಿರಬೇಕು.

ಕೊನೆಯದಾಗಿ ದಾಸ್ತಾನಿನ ವಿಷಯ. ಹೊಸ ಮಾಡ್ಯೂಲ್‌ಗಳನ್ನು ಸಂರಕ್ಷಕ ದ್ರಾವಣದಲ್ಲಿ ಒದ್ದೆಯಾಗಿಟ್ಟು ಕಳಿಸುತ್ತಾರೆ, ಒಣಗಿದರೆ ನೀರು ಬಿಡುವ ಶಕ್ತಿ ಕುಂದುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಅವು ತಗಡಿನ ಶೆಡ್ಡಿನಲ್ಲಿ ವಾರಗಟ್ಟಲೆ ಕೂರದಂತೆ, ಸಿವಿಲ್ ಕಾಮಗಾರಿ ಮುಗಿದು ಪೈಪುಗಳನ್ನು ತೊಳೆದ ನಂತರವೇ ತಲುಪಿಸಬೇಕೆಂದು ಒಪ್ಪಂದದಲ್ಲಿ ಸೇರಿಸಿ.