ಒತ್ತಡದ ಬಿಸಿನೀರಿನಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆಯ ನಾರನ್ನು ಬಿಡಿಸುವ ಬಗೆ

ಹೊರಗಿನಿಂದ ಆಮ್ಲ ಸುರಿಯದೆ, ಬರೀ ನೀರಿನಲ್ಲೇ ಸಸ್ಯನಾರಿನ ಹೆಮಿಸೆಲ್ಯುಲೋಸನ್ನು (ಸೆಲ್ಯುಲೋಸಿನ ಎಳೆಗಳನ್ನು ಸುತ್ತಿಕೊಂಡ ಸಕ್ಕರೆ ಸರಪಳಿ) ಕರಗಿಸಿ ತೆಗೆಯಬಹುದು. 160ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರನ್ನು ಒತ್ತಡದಿಂದ ದ್ರವವಾಗಿಯೇ ಹಿಡಿದಿಟ್ಟರೆ, ಹೆಮಿಸೆಲ್ಯುಲೋಸಿಗೆ ಅಂಟಿದ ಅಸಿಟೈಲ್ ಗುಂಪುಗಳು ಕಳಚಿ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಆಮ್ಲ, ಆಗುತ್ತವೆ. ಮುಂದಿನ ಕೆಲಸ ಹೆಚ್ಚಾಗಿ ಆ ಆಮ್ಲದ್ದೇ. ಸೆಲ್ಯುಲೋಸಿನ ಬಹುಪಾಲು ಘನದಲ್ಲೇ ಉಳಿಯುತ್ತದೆ, ಆದರೆ ಅದನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳಿಗೆ ದಾರಿ ತೆರೆದಿರುತ್ತದೆ. ಪೈನ್‌ನಂಥ ಮರಗಳಲ್ಲಿ ಅಸಿಟೈಲ್ ಕಡಿಮೆ. ಅವಕ್ಕೆ ಬರೀ ನೀರು ಸಾಲುವುದಿಲ್ಲ.

ಬೇಕಾದದ್ದು 1 ಲೀಟರಿನ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ರಿಯಾಕ್ಟರ್: ಕಲಕುವ ರೆಕ್ಕೆ, ಥರ್ಮೋಕಪಲ್ (ತಾಪ ಅಳೆಯುವ ತಂತಿ), ಒತ್ತಡಮಾಪಕ, ರಪ್ಚರ್ ಡಿಸ್ಕ್ (ಒತ್ತಡ ಮಿತಿ ಮೀರಿದರೆ ತಾನೇ ಒಡೆದು ಅದನ್ನು ಹೊರಬಿಡುವ ತಗಡು), ಒಳಗೆ ತಂಪು ನೀರು ಹರಿಯುವ ಸುರುಳಿ. ಪ್ರೆಶರ್ ಕುಕ್ಕರ್ 120 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದರ ವಾಲ್ವ್ ಬಿಗಿದು ತಾಪ ಏರಿಸುವುದೆಂದರೆ ಬಾಂಬ್ ಕಟ್ಟಿದಂತೆ.

ಸಿಪ್ಪೆಯ ಮಣ್ಣು ತೊಳೆದು, ನೆರಳಲ್ಲಿ ಒಣಗಿಸಿ, 2ರಿಂದ 5 ಮಿಲಿಮೀಟರಿಗೆ ಕತ್ತರಿಸಿ. ಮಣ್ಣು, ಬೂದಿ ಉಳಿದರೆ ಹುಟ್ಟಿದ ಆಮ್ಲವನ್ನು ಅವೇ ನುಂಗಿಬಿಡುತ್ತವೆ. ಹಿಟ್ಟಿನಷ್ಟು ನುಣ್ಣಗಾದರೆ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ.

ತೂಕದ ಲೆಕ್ಕ ಒಣತೂಕದ ಮೇಲೆ. 10 ಶೇಕಡಾ ಘನಕ್ಕೆ 60 ಗ್ರಾಂ ಒಣ ಸಿಪ್ಪೆ, 540 ಗ್ರಾಂ ನೀರು. ಸಿಪ್ಪೆಯಲ್ಲಿ 8 ಶೇಕಡಾ ತೇವವಿದ್ದರೆ 65 ಗ್ರಾಂ ಸಿಪ್ಪೆಗೆ 535 ಗ್ರಾಂ ನೀರು. ಇದಕ್ಕಿಂತ ಹೆಚ್ಚು ತುಂಬುವ ಆಸೆ ಬೇಡ. 200 ಡಿಗ್ರಿಗೆ ಹೋಗುವಷ್ಟರಲ್ಲಿ ನೀರು ಸುಮಾರು 15 ಶೇಕಡಾ ಹಿಗ್ಗುತ್ತದೆ. ಮೇಲೆ ಜಾಗವಿಲ್ಲದೆ ದ್ರವವೇ ಪಾತ್ರೆ ತುಂಬಿದರೆ ಒತ್ತಡ ದಿಢೀರನೆ ನೆಗೆಯುತ್ತದೆ. ಈ ಅಳತೆಯಲ್ಲಿ 190 ಡಿಗ್ರಿಗೆ ಮಾಪಕ 13–14 ಬಾರ್ ತೋರಿಸಬೇಕು: ಆವಿಯ ಒತ್ತಡದ ಜೊತೆಗೆ ಒಳಗೆ ಸಿಕ್ಕಿಕೊಂಡ ಗಾಳಿಯದೂ ಸೇರಿ. ಇದನ್ನು ಬಹಳ ಮೀರಿದರೆ ಹೀಟರ್ ಆರಿಸಿ. ಬಹಳ ಕಡಿಮೆಯಿದ್ದರೆ ಗ್ಯಾಸ್ಕೆಟ್ ಸೋರುತ್ತಿದೆ, ಇಲ್ಲವೇ ಥರ್ಮೋಕಪಲ್ ಸುಳ್ಳು ಹೇಳುತ್ತಿದೆ.

190 ಡಿಗ್ರಿಯಲ್ಲಿ 15 ನಿಮಿಷದಿಂದ ಶುರುಮಾಡಿ. ತಾಪವನ್ನೂ ಸಮಯವನ್ನೂ ಒಂದೇ ಅಂಕಿಗೆ ತರುವ ತೀವ್ರತಾಂಕ ಹೀಗೆ: ತಾಪದಿಂದ 100 ಕಳೆದು 14.75ರಿಂದ ಭಾಗಿಸಿ, ಆ ಘಾತಕ್ಕೆ ಏರಿಸಿದ 2.718ನ್ನು ನಿಮಿಷಗಳಿಂದ ಗುಣಿಸಿ, 10ರ ಆಧಾರದ ಲಾಗರಿದಮ್ ತೆಗೆಯಿರಿ. ಇಲ್ಲಿ 3.83 ಬರುತ್ತದೆ, 180 ಡಿಗ್ರಿಯಲ್ಲಿ ಅರ್ಧ ಗಂಟೆಗೂ ಅಷ್ಟೇ. ಬಿಸಿಯೇರುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಇಲ್ಲಿನ ದೊಡ್ಡ ಎಡವಟ್ಟು. ನಿಧಾನದ ಹೀಟರಿನಲ್ಲಿ 170ರಿಂದ 190ಕ್ಕೆ ಏರುವಷ್ಟರಲ್ಲೇ ಕೆಲಸ ಬಹಳಷ್ಟು ಮುಗಿದಿರಬಹುದು. ಪ್ರತಿ ನಿಮಿಷದ ತಾಪ ಬರೆದುಕೊಂಡು, ಲಾಗರಿದಮ್ ತೆಗೆಯುವ ಮುಂಚೆ ತುಂಡುತುಂಡಾಗಿ ಕೂಡಿ.

ಹೊತ್ತು ಮುಗಿದೊಡನೆ ಸುರುಳಿಗೆ ನೀರು ಬಿಡಿ. 70 ಡಿಗ್ರಿಗೆ ಇಳಿದ ಮೇಲೆ ಉಳಿದ ಒತ್ತಡವನ್ನು ವಾಲ್ವ್‌ನಿಂದ ಬಿಟ್ಟು, ಮಾಪಕ ಸೊನ್ನೆ ತೋರಿಸಿದ ಮೇಲೆಯೇ ಮುಚ್ಚಳ ತೆಗೆಯಿರಿ. ಬಿಸಿಯಿರುವಾಗಲೇ ಸೋಸಿ, ಬಿಸಿನೀರಿನಲ್ಲೇ ತೊಳೆಯಿರಿ. ತಣಿದಷ್ಟೂ ಕರಗಿದ ಲಿಗ್ನಿನ್ (ನಾರುಗಳನ್ನು ಬೆಸೆಯುವ ಅಂಟು) ನಾರಿನ ಮೇಲೆ ಹನಿಹನಿಯಾಗಿ ಕೂರುತ್ತದೆ, ಕಿಣ್ವಗಳನ್ನು ಅಂಟಿಸಿಕೊಳ್ಳುತ್ತದೆ.

ಸೋಸಿದ ನೀರಿನ ಪಿಎಚ್ 4ರ ಆಸುಪಾಸು, ಬಣ್ಣ ಕಂದು ಇರಬೇಕು. ಕಹಿಬಾದಾಮಿಯಂಥ ವಾಸನೆ ಹೊಡೆದರೆ ಹೆಮಿಸೆಲ್ಯುಲೋಸಿನ ಸಕ್ಕರೆಯಾದ ಕ್ಸೈಲೋಸ್ ಫರ್ಫ್ಯೂರಲ್ ಆಗಿಹೋಗಿದೆ. ಅದು ಸಕ್ಕರೆಯನ್ನು ಹುಳಿಸುವ ಯೀಸ್ಟಿಗೆ ವಿಷ. ಮುಂದಿನ ಸಲ 10 ಡಿಗ್ರಿ ಇಳಿಸಿ. ಸಕ್ಕರೆ ಅಳೆದಾಗ ಕ್ಸೈಲೋಸ್ ಕಡಿಮೆ ಬಂದಿತೆಂದು ಗಾಬರಿ ಬೇಡ, ಬಹುಪಾಲು ಇನ್ನೂ ಸರಪಳಿಯಾಗಿದೆ. ಅದನ್ನು ಒಡೆಯಲು ಸೋಸಿದ ನೀರನ್ನು 4 ಶೇಕಡಾ ಗಂಧಕಾಮ್ಲದಲ್ಲಿ 121 ಡಿಗ್ರಿಗೆ ಒಂದು ಗಂಟೆ ಇಟ್ಟು ಮತ್ತೆ ಅಳೆಯಿರಿ.

ಘನವನ್ನು ಒದ್ದೆಯಾಗಿಯೇ 4 ಡಿಗ್ರಿಯಲ್ಲಿಡಿ. ಒಣಗಿದರೆ ಕಷ್ಟಪಟ್ಟು ತೆರೆದ ರಂಧ್ರಗಳು ಕುಸಿಯುತ್ತವೆ, ಮತ್ತೆ ನೆನೆಸಿದರೂ ಪೂರ್ತಿ ತೆರೆಯುವುದಿಲ್ಲ. 105 ಡಿಗ್ರಿಯ ಓವನ್‌ಗೆ ಹೋಗಬೇಕಾದದ್ದು ತೇವ ಅಳೆಯಲು ತೆಗೆದ ಒಂದೆರಡು ಗ್ರಾಂ ಮಾತ್ರ.