ಹಗ್ಗ ಎಳೆದೂ ಎಳೆದೂ ಸ್ಟಾರ್ಟ್ ಆಗದ ದೋಣಿ ಎಂಜಿನ್: ಎಲ್ಲಿಂದ ಹುಡುಕಬೇಕು?

ಐದಾರು ಸಲ ಹಗ್ಗ ಎಳೆದರೂ ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ ಸ್ಟಾರ್ಟ್ ಆಗಲಿಲ್ಲವೇ? ಏಳನೇ ಸಲ ಎಳೆಯಬೇಡಿ. ಚೋಕ್ (ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಹಾಕಿಟ್ಟು ಒಂದೇ ಸಮನೆ ಎಳೆಯುತ್ತಿದ್ದರೆ ಪ್ರತಿ ಎಳೆತಕ್ಕೂ ಸಿಲಿಂಡರಿಗೆ ಇನ್ನಷ್ಟು ಪೆಟ್ರೋಲ್ ನುಗ್ಗಿ, ಕಿಡಿ ಕೊಡುವ ಪ್ಲಗ್ ತೊಯ್ದುಹೋಗುತ್ತದೆ. ಮೊದಲು ಇದ್ದದ್ದು ಒಂದು ದೋಷ, ಈಗ ಎರಡಾಯಿತು. ಎಂಜಿನ್‌ಗೆ ಬೇಕಾದದ್ದು ಮೂರೇ: ಒಳ್ಳೆಯ ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಸಿಲಿಂಡರಿನಲ್ಲಿ ಒತ್ತಡ. ಟ್ಯಾಂಕಿನಿಂದ ಹೊರಟು ಪೆಟ್ರೋಲ್ ಹೋಗುವ ದಾರಿಯಲ್ಲೇ ನಾವೂ ಹೋದರೆ ಬಹುತೇಕ ದೋಷಗಳು ನಡುದಾರಿಯಲ್ಲೇ ಸಿಕ್ಕಿಬಿಡುತ್ತವೆ.

ಇಲ್ಲಿ ಹೇಳುತ್ತಿರುವುದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ಇರುವ, ಹಗ್ಗ ಎಳೆದು ಸ್ಟಾರ್ಟ್ ಮಾಡುವ, 2ರಿಂದ 15 ಎಚ್‌ಪಿವರೆಗಿನ ಚಿಕ್ಕ ಎಂಜಿನ್‌ಗಳ ಬಗ್ಗೆ. ಒಂದು ನಿಯಮ ಕೊನೆಯವರೆಗೂ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎಳೆದು ನೋಡಿ, ಆಮೇಲೆ ಮುಂದಕ್ಕೆ ಹೋಗಿ. ಪ್ಲಗ್, ಪೆಟ್ರೋಲ್, ಜೆಟ್ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಎಲ್ಲಕ್ಕೂ ಒಟ್ಟಿಗೇ ಕೈ ಹಾಕಿದರೆ ಎಂಜಿನ್ ಓಡಿದರೂ ಯಾತಕ್ಕೆ ಓಡಿತು ಎಂದು ತಿಳಿಯುವುದಿಲ್ಲ.

ಹಂತ 1: ಸ್ಪ್ಯಾನರ್ ಮುಟ್ಟುವ ಮೊದಲು

ಕಿಲ್ ಸ್ವಿಚ್ಚಿನ (ಮೈಗೆ ಕಟ್ಟಿದ ದಾರ ಕ್ಲಿಪ್ಪನ್ನು ಎಳೆದಾಗ ಎಂಜಿನ್ ನಿಲ್ಲಿಸುವ ಸ್ವಿಚ್) ಕೆಂಪು ಕ್ಲಿಪ್ ಜಾಗದಲ್ಲಿ ಕೂತಿದೆಯೇ? ಅದು ಇಲ್ಲದಿದ್ದರೆ ಕಿಡಿ ಬರುವುದೇ ಇಲ್ಲ. ಗಿಯರ್ ನ್ಯೂಟ್ರಲ್‌ನಲ್ಲಿ ಇರಬೇಕು, ಥ್ರಾಟಲ್ ಸ್ಟಾರ್ಟ್ ಗುರುತಿಗೆ ಬಂದಿರಬೇಕು. ಚೋಕ್ ತಣ್ಣಗಿರುವ ಎಂಜಿನ್‌ಗೆ ಮಾತ್ರ. ಹತ್ತು ನಿಮಿಷದ ಹಿಂದಷ್ಟೇ ಓಡಿ ನಿಂತ ಎಂಜಿನ್‌ಗೆ ಸಾಮಾನ್ಯವಾಗಿ ಬೇಡ.

ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ಸ್ಕ್ರೂ ತೆರೆದಿದೆಯೇ ಎಂದು ನೋಡಿ. ಮುಚ್ಚಿದ್ದರೆ ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ, ಒಂದು ಹಂತದಲ್ಲಿ ಪೆಟ್ರೋಲ್ ಬರುವುದೇ ನಿಂತುಹೋಗುತ್ತದೆ. ಎಂಜಿನ್ ಐದು ನಿಮಿಷ ಚೆನ್ನಾಗಿ ಓಡಿ ನಿಂತು, ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುತ್ತಿದ್ದರೆ ನನಗೆ ಮೊದಲ ಅನುಮಾನ ಇದರ ಮೇಲೆಯೇ. ಮುಚ್ಚಳ ಸಡಿಲಿಸಿದಾಗ ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳಿದರೆ ಕಾರಣ ಸಿಕ್ಕಿತು ಎಂದೇ ಲೆಕ್ಕ.

ಹೊರಗಿನ ಟ್ಯಾಂಕ್ ಇದ್ದರೆ ಪೈಪಿನ ನಡುವೆ ಇರುವ ಪ್ರೈಮರ್ ಬಲ್ಬನ್ನು ಬಾಣದ ಗುರುತು ಮೇಲ್ಮುಖವಾಗುವಂತೆ ಹಿಡಿದು ಒತ್ತಿ. ಕೆಲವೇ ಸಲಕ್ಕೆ ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಪೈಪ್ ಬಿರುಕು ಬಿಟ್ಟಿರಬಹುದು, ಕನೆಕ್ಟರಿನ ರಬ್ಬರ್ ರಿಂಗ್ ಸವೆದಿರಬಹುದು, ಇಲ್ಲವೇ ಬಲ್ಬಿನ ಒಳಗಿನ ವಾಲ್ವ್ ಕೆಟ್ಟಿರಬಹುದು. ಎಂಜಿನ್ ಮೇಲೆಯೇ ಟ್ಯಾಂಕ್ ಇರುವ ಪುಟ್ಟ ಮಾಡೆಲ್ಲುಗಳಲ್ಲಿ ಬಲ್ಬ್ ಇರುವುದಿಲ್ಲ, ಪೆಟ್ರೋಲ್ ಕಾಕ್ ತೆರೆದಿದೆಯೇ ಎಂದು ನೋಡಿದರೆ ಸಾಕು.

ಹಂತ 2: ಪೆಟ್ರೋಲನ್ನು ಗಾಜಿನಲ್ಲಿ ಹಿಡಿದು ನೋಡಿ

ಕಾರ್ಬೊರೇಟರಿನ ತಳದಲ್ಲಿ ಬೌಲ್ ಇರುತ್ತದೆ, ಅದರ ಅಡಿಯಲ್ಲಿ ಒಂದು ಡ್ರೈನ್ ಸ್ಕ್ರೂ. ಅದನ್ನು ಸಡಿಲಿಸಿ, ಇಳಿದ ಪೆಟ್ರೋಲನ್ನು ಪುಟ್ಟ ಗಾಜಿನ ಬಾಟಲಿಯಲ್ಲಿ ಹಿಡಿದು ಎರಡು ನಿಮಿಷ ಅಲುಗಾಡದಂತೆ ಇಡಿ. ನೀರು ಪೆಟ್ರೋಲಿಗಿಂತ ಭಾರ. ಇದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಬಾಟಲಿ ವಾಲಿಸಿದರೆ ದುಂಡನೆಯ ಹನಿಯಾಗಿ ಉರುಳುತ್ತದೆ. ಅಂಥ ಒಂದು ಹನಿ ಜೆಟ್ಟಿನ ಬಾಯಿಗೆ ಅಡ್ಡ ಕೂತರೂ ಸಾಕು, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. 10% ಎಥನಾಲ್ ಇರುವ ಒಂದು ಲೀಟರ್ ಪೆಟ್ರೋಲ್ ಸುಮಾರು 5 ಮಿಲಿಲೀಟರ್ ನೀರನ್ನಷ್ಟೇ ತನ್ನಲ್ಲಿ ಕರಗಿಸಿಕೊಂಡು ಇರಬಲ್ಲದು. ಅದು ಮೀರಿದರೆ ನೀರು ಮತ್ತು ಎಥನಾಲ್ ಎರಡೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಪೈಪ್ ಪೆಟ್ರೋಲ್ ಎಳೆಯುವುದೂ ಆ ತಳದಿಂದಲೇ.

ವಾಸನೆಯನ್ನೂ ಗಮನಿಸಿ. ಹೊಸ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತದೆ. ತಿಂಗಳುಗಟ್ಟಲೆ ನಿಂತದ್ದು ಹುಳಿಹುಳಿಯಾಗಿ, ವಾರ್ನಿಷ್ ಥರ ನಾರುತ್ತದೆ. ಬೇಗ ಆವಿಯಾಗುವ ಅಂಶವೆಲ್ಲ ಹಾರಿಹೋಗಿರುವುದರಿಂದ ತಣ್ಣನೆಯ ಎಂಜಿನ್‌ನಲ್ಲಿ ಅದು ಸುಲಭವಾಗಿ ಉರಿಯುವುದಿಲ್ಲ. ಹಳೆಯದಕ್ಕೆ ಹೊಸದನ್ನು ಸುರಿದು ಸುಧಾರಿಸೋಣ ಎಂದುಕೊಳ್ಳಬೇಡಿ, ಪೂರ್ತಿ ಬದಲಿಸಿ. ಪೆಟ್ರೋಲಿಗೇ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಎಂಜಿನ್ ಆದರೆ ಆಯಿಲ್ ಅಳತೆ ಕಟ್ಟುನಿಟ್ಟಾಗಿರಲಿ. 50:1 ಎಂದರೆ ಲೀಟರಿಗೆ 20 ಮಿಲಿಲೀಟರ್. ಕಣ್ಣಂದಾಜಿನಲ್ಲಿ ಹೆಚ್ಚು ಸುರಿದರೆ ಪ್ಲಗ್ ಮಸಿ ಹಿಡಿಯುತ್ತದೆ, ಕಡಿಮೆಯಾದರೆ ಪಿಸ್ಟನ್‌ಗೇ ಕುತ್ತು.

ಹಂತ 3: ಪ್ಲಗ್ ಏನು ಹೇಳುತ್ತಿದೆ?

ಪ್ಲಗ್ ಬಿಚ್ಚಿದ ತಕ್ಷಣ ಒರೆಸಿಬಿಡಬೇಡಿ, ಮೊದಲು ನೋಡಿ. ಅಷ್ಟು ಎಳೆದ ಮೇಲೂ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ, ಕಾರ್ಬೊರೇಟರಿನ ಕಡೆಗೆ ಹೋಗಿ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿ ಇಲ್ಲ, ಇಲ್ಲವೇ ಸಿಲಿಂಡರಿಗೆ ಪೆಟ್ರೋಲ್ ಹೆಚ್ಚಾಗಿ ನುಗ್ಗಿ ಓವರ್‌ಫ್ಲೋ ಆಗಿದೆ. ಎಣ್ಣೆ ಕಲೆತ ಕಪ್ಪು ಮಸಿಯಿದ್ದರೆ ಆಯಿಲ್ ಜಾಸ್ತಿ ಅಥವಾ ಚೋಕ್ ಪೂರ್ತಿ ತೆರೆಯುತ್ತಿಲ್ಲ. ಸರಿಯಾಗಿ ಓಡುವ ಎಂಜಿನ್‌ನ ಪ್ಲಗ್ ತುದಿ ತಿಳಿ ಕಂದು ಬಣ್ಣಕ್ಕಿರುತ್ತದೆ. ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 1 ಮಿಲಿಮೀಟರ್, ನಿಮ್ಮ ಎಂಜಿನ್‌ಗೆ ಎಷ್ಟು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ.

ಕಿಡಿ ಪರೀಕ್ಷೆ ಮಾಡುವಾಗ ಎಚ್ಚರ ಬೇಕೇ ಬೇಕು. ಪೆಟ್ರೋಲ್ ಡಬ್ಬಿಯನ್ನು ದೂರವಿಡಿ, ಚೆಲ್ಲಿದ್ದನ್ನು ಒರೆಸಿ, ಆವಿ ಹೋಗುವಷ್ಟು ಹೊತ್ತು ಕಾಯಿರಿ, ಪ್ಲಗ್ ತೂತಿಗೆ ಒಣ ಬಟ್ಟೆ ತುರುಕಿ. ಆ ತೂತಿನಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಕಿಡಿ ತಗುಲಿದರೆ ಬೆಂಕಿಯೇ. ಆಮೇಲೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ಆದಷ್ಟು ದೂರದಲ್ಲಿ ಅದರ ಲೋಹದ ಮೈ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಹಗ್ಗ ಎಳೆಯಿರಿ. ಚಟ್ ಎನ್ನುವ ನೀಲಿ ಕಿಡಿ ಬಂದರೆ ಸರಿ. ಬಾರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಅದರಲ್ಲೂ ಇಲ್ಲವೆಂದರೆ ಕಿಲ್ ಸ್ವಿಚ್ಚಿನ ವೈರನ್ನು ಪರೀಕ್ಷೆಗಷ್ಟೇ ಬಿಡಿಸಿ ಮತ್ತೆ ಎಳೆಯಿರಿ. ಈಗ ಕಿಡಿ ಬಂತೆಂದರೆ ಕೆಟ್ಟಿರುವುದು ಸ್ವಿಚ್. ಆದರೆ ವೈರ್ ಬಿಡಿಸಿಕೊಂಡು ದೋಣಿ ಹೊರಡಿಸಲೇಬೇಡಿ. ನೀವು ನೀರಿಗೆ ಬಿದ್ದಾಗ ಎಂಜಿನ್ ನಿಲ್ಲಿಸುವುದು ಅದೊಂದೇ. ಉಪ್ಪುನೀರಿನಲ್ಲಿ ಓಡುವ ಎಂಜಿನ್ ಆದರೆ ಅರ್ತ್ ವೈರಿನ ತುದಿ, ಪ್ಲಗ್ ಕ್ಯಾಪಿನ ಒಳಗು ಇವೆರಡನ್ನೂ ಉಜ್ಜಿ ನೋಡಿ, ಅಲ್ಲಿ ಹಸಿರು ಕಿಲುಬು ಕೂತಿರುತ್ತದೆ.

ಪ್ಲಗ್ ತೊಯ್ದಿದ್ದು ಕಿಡಿ ಚೆನ್ನಾಗಿದ್ದರೆ ಅದು ಓವರ್‌ಫ್ಲೋ. ಕಿಲ್ ಸ್ವಿಚ್ ಕ್ಲಿಪ್ ತೆಗೆದು, ಪೆಟ್ರೋಲ್ ನಿಲ್ಲಿಸಿ, ಚೋಕ್ ಒಳಗೆ ತಳ್ಳಿ, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ಇಲ್ಲದೆ ಹತ್ತು ಸಲ ಎಳೆಯಿರಿ. ಹೆಚ್ಚಿನದೆಲ್ಲ ಹೊರಗೆ ಹೋಗುತ್ತದೆ. ಒಣಗಿದ ಪ್ಲಗ್ಗನ್ನು ವಾಪಸ್ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗಷ್ಟೇ ಸ್ಪ್ಯಾನರ್. ಹೆಡ್ ಅಲ್ಯೂಮಿನಿಯಂ, ಥ್ರೆಡ್ ಒಮ್ಮೆ ಹಾಳಾದರೆ ದೊಡ್ಡ ಕೆಲಸ.

ಹಂತ 4: ಪೈಲಟ್ ಜೆಟ್

ಚೋಕ್ ಇದ್ದರೆ ಓಡುತ್ತದೆ, ಒಳಗೆ ತಳ್ಳಿದರೆ ನಿಲ್ಲುತ್ತದೆ. ಅಥವಾ ಥ್ರಾಟಲ್ ಕೊಟ್ಟರೆ ಓಡುತ್ತದೆ, ಇಳಿಸಿದರೆ ಸಾಯುತ್ತದೆ. ಈ ಲಕ್ಷಣ ಕಂಡರೆ ಪೈಲಟ್ ಜೆಟ್ ಕಟ್ಟಿದೆ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಸ್ಟಾರ್ಟ್ ಆಗುವಾಗ, ಐಡಲ್‌ನಲ್ಲಿ (ಥ್ರಾಟಲ್ ಕೊಡದೆ ನಿಧಾನವಾಗಿ ಓಡುವಾಗ) ಪೆಟ್ರೋಲ್ ಬರುವುದು ಈ ಪುಟ್ಟ ಹಿತ್ತಾಳೆ ಜೆಟ್ಟಿನಿಂದಲೇ. ಅದರ ತೂತು ಅರ್ಧ ಮಿಲಿಮೀಟರಿನ ಆಸುಪಾಸು. ಬೌಲ್‌ನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾದಾಗ ಮೊದಲು ಮುಚ್ಚುವುದು ಇದು.

ನಾನೊಮ್ಮೆ ಇಡೀ ಬೆಳಗ್ಗೆ ಪ್ಲಗ್ ಮೇಲೆಯೇ ಅನುಮಾನಪಟ್ಟು ಎರಡು ಹೊಸ ಪ್ಲಗ್ ಹಾಕಿ ನೋಡಿದ್ದೆ. ಕೊನೆಗೆ ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದರೆ ಬೆಳಕೇ ಕಾಣಲಿಲ್ಲ. ಕಾರ್ಬೊರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಗಾಳದ ತೆಳು ನೈಲಾನ್ ದಾರ ತೂರಿಸಿದ ಮೇಲೆ ಸೂಜಿಮೊನೆಯಷ್ಟು ಬೆಳಕು ಬಂತು. ಎಂಜಿನ್ ಎರಡನೇ ಎಳೆತಕ್ಕೆ ಓಡಿತು.

ಮಾಡುವ ಕ್ರಮ ಹೀಗೆ. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಪೆಟ್ರೋಲ್ ನಿಲ್ಲಿಸಿ, ಕಾರ್ಬೊರೇಟರ್ ಇಳಿಸಿ, ಬೌಲ್ ತೆಗೆಯಿರಿ. ಜೆಟ್ಟಿನ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ, ಹಿತ್ತಾಳೆ ಮೆತ್ತಗಿನ ಲೋಹ, ಜಾರಿದರೆ ಸೀಳು ಕಿತ್ತುಹೋಗುತ್ತದೆ. ಐಡಲ್ ಹೊಂದಿಸುವ ಸ್ಕ್ರೂ ತೆಗೆಯುವುದಾದರೆ ಮೊದಲು ಒಳಕ್ಕೆ ಎಷ್ಟು ಸುತ್ತು ಹೋಗುತ್ತದೆ ಎಂದು ಎಣಿಸಿ ಬರೆದಿಡಿ. ತೂತಿಗೆ ಉಕ್ಕಿನ ತಂತಿ ಹಾಕಬೇಡಿ, ತೂತು ದೊಡ್ಡದಾದರೆ ಪೆಟ್ರೋಲಿನ ಅಳತೆಯೇ ತಪ್ಪುತ್ತದೆ. ನೈಲಾನ್ ದಾರ ಅಥವಾ ತಾಮ್ರದ ವೈರಿನ ಒಂದು ಎಳೆ ಸಾಕು. ಕ್ಲೀನರ್ ಸ್ಪ್ರೇ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ಎದುರಿಗೇ ಚಿಮ್ಮುತ್ತದೆ.

ಹಂತ 5: ಇಷ್ಟಾದರೂ ಇಲ್ಲವೇ?

ಹಗ್ಗ ಎಳೆದಾಗ ಕೈಗೆ ತಡೆಯೇ ಸಿಗದೆ ಹಗುರವಾಗಿ ಬಂದರೆ ಸಿಲಿಂಡರಿನಲ್ಲಿ ಒತ್ತಡವಿಲ್ಲ. ರಿಂಗ್, ಗ್ಯಾಸ್ಕೆಟ್ ಅಥವಾ ವಾಲ್ವಿನ ತೊಂದರೆ, ಮೆಕ್ಯಾನಿಕ್ ನೋಡಬೇಕು. ಹಗ್ಗ ಅಲುಗಾಡದಂತೆ ಬಿಗಿದಿದ್ದರೆ, ಅದು ಫೋರ್ ಸ್ಟ್ರೋಕ್ ಎಂಜಿನ್ ಆಗಿದ್ದರೆ, ಸಾಗಿಸುವಾಗ ಯಾವ ಮಗ್ಗುಲಲ್ಲಿ ಮಲಗಿಸಿದ್ದಿರಿ ಎಂದು ನೆನಪಿಸಿಕೊಳ್ಳಿ. ತಪ್ಪು ಮಗ್ಗುಲಾದರೆ ಆಯಿಲ್ ಸಿಲಿಂಡರಿಗೆ ಇಳಿದಿರುತ್ತದೆ. ಬಲವಂತ ಮಾಡದೆ ಪ್ಲಗ್ ತೆಗೆದು ನಿಧಾನವಾಗಿ ಎಳೆಯಿರಿ.

ಓಡಿತೆಂದರೆ

ದಡದಲ್ಲಿ ಒಣಗಿನಲ್ಲಿ ಪರೀಕ್ಷಿಸಬೇಡಿ. ನೀರಿಲ್ಲದೆ ಓಡಿದರೆ ನೀರಿನ ಪಂಪಿನ ರಬ್ಬರ್ ಚಕ್ರ ಬಲುಬೇಗ ಸುಟ್ಟುಹೋಗುತ್ತದೆ. ಡ್ರಮ್ಮಿನಲ್ಲಿ ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ಮುಳುಗುವಷ್ಟು ನೀರು ತುಂಬಿ ಓಡಿಸಿ, ಹಿಂಭಾಗದಿಂದ ನೀರಿನ ಧಾರೆ ಬರುತ್ತಿದೆಯೇ ಎಂದು ನೋಡಿ. ಕೆಲವು ವಾರ ಬಳಸುವುದಿಲ್ಲ ಎಂದಿದ್ದರೆ, ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ ಅಥವಾ ಪೈಪ್ ಬಿಡಿಸಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಓಡಲು ಬಿಡಿ. ಆಮೇಲೂ ಬೌಲ್‌ನಲ್ಲಿ ಒಂದಿಷ್ಟು ಉಳಿದಿರುತ್ತದೆ. ಡ್ರೈನ್ ಸ್ಕ್ರೂ ಬಿಚ್ಚಿ ಅದನ್ನೂ ಇಳಿಸಿ, ಸ್ಕ್ರೂ ಮತ್ತೆ ಬಿಗಿ ಮಾಡಿ, ಕೊನೆಗೆ ಟ್ಯಾಂಕಿನ ಗಾಳಿ ಸ್ಕ್ರೂ ಮುಚ್ಚಿ.